ನಬೀಸಾಬನ ಚಕ್ರದ ಗೆರೆ

"ಅವ್ವಾ, ನಬೀಕಾಕಾಗ ಸಂಜೀ ಮುಂದ ನಾ ಯಾಕ ಕಾಣಂಗಿಲ್ಲ?"

ರುಕ್ಕು ಹೀಗೆ ಕೇಳಿದಾಗ ಸುಮಿತ್ರಾಬಾಯಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಳು. ಮಗಳಿಗೆ ಐದು ವರ್ಷ. ಬಾಯಿ ತೆರೆದರೆ ಪ್ರಶ್ನೆ. ಎಲ್ಲಕ್ಕೂ ಉತ್ತರ ಕೊಡುತ್ತ ಕೂತರೆ ಒಲೆ ಹೊತ್ತುವುದಿಲ್ಲ.

"ಕಾಣದ ಏನ? ನೀ ಬೆರಳುದ್ದ ಇದ್ದೀ, ಲಕ್ಷ್ಯ ಹೋಗಿರಂಗಿಲ್ಲ."

"ಹಂಗಲ್ಲವ್ವಾ. ನಿನ್ನೆ ನೀರಿನ ತಂಬಿಗಿ ಹಿಂಗ ಅವನ ಮುಂದ ಹಿಡಕೊಂಡು ನಿಂತಿದ್ದೆ. ಎಲ್ಲಿದ್ದೀ ಬೇಟಿ ಅಂತ ಕಂಬದ ಕಡೆ ಕೈ ಚಾಚಿದ. ನಾ ಇತ್ತಾಗ ಇದ್ದೆ! ಆಮ್ಯಾಲೆ ಒರಳಿಗೆ ಕಾಲು ಬಡಿಸ್ಕೊಂಡ."

ಸುಮಿತ್ರಾಬಾಯಿಯ ಕೈ ಮೊರದಲ್ಲೇ ನಿಂತಿತು. ಒರಳಿಗೆ ಕಾಲು ತಾಗಿದ ಸದ್ದು ಅವಳಿಗೂ ಕೇಳಿತ್ತು. ಆಗ ಅದೇನೂ ಅನ್ನಿಸಿರಲಿಲ್ಲ. ಈಗ ಒಂದರ ಹಿಂದೆ ಒಂದು ನೆನಪಾಗತೊಡಗಿತು. ಅವತ್ತೊಂದು ದಿನ ಚಹದ ಬಟ್ಟಲನ್ನು ಕಟ್ಟೆಯ ಮೇಲೆ ಇಡುವ ಬದಲು ಗಾಳಿಯಲ್ಲಿ ಇಟ್ಟು ಒಡೆದದ್ದು, ದೀಪ ಹಚ್ಚುವ ಹೊತ್ತಿಗೆ ಏನೋ ನೆವ ಹೇಳಿ ಎದ್ದು ಹೋಗುವುದು. ಬರುವ ವಾರ ಅವಳ ಗಂಡ ಜಯತೀರ್ಥರಾಯರು ಫಟಫಟಿ, ಅಂದರೆ ಮೋಟಾರ್ ಸೈಕಲ್ಲಿನ ಮೇಲೆ ಚಿಂಚೋಳಿಗೆ ಹೊರಡುವವರಿದ್ದರು. ಹಾದಿ ತೋರಿಸಲು ಮುಂದೆ ಹೋಗುವವನು ನಬೀಸಾಬ್.

ಆ ಕಾಲಕ್ಕೆ, ಅಂದರೆ ನಿಜಾಮರ ರಾಜ್ಯದ ಕೊನೆಗೆ ಇನ್ನೂ ಹತ್ತು ವರ್ಷ ಇದ್ದಾಗ, ಚಿತ್ತಾಪುರದಲ್ಲಿ ಫಟಫಟಿಯ ಸದ್ದು ಕೇಳಿದರೆ ಬಂಡಿಯವರು ಎತ್ತುಗಳ ಮೂಗುದಾರ ಹಿಡಿದು ಪಕ್ಕಕ್ಕೆ ಎಳೆಯುತ್ತಿದ್ದರು. ನಬೀಸಾಬ್ ಮಾತ್ರ ಅಂಥಲ್ಲಿ ಗಾಡಿ ಬಂದ್ ಮಾಡಿ ಇಳಿದು, ಎತ್ತಿನ ಗಂಗೆದೊಗಲು ಸವರಿ, ಬಂಡಿ ದಾಟಿದ ಮೇಲೇ ಮತ್ತೆ ಕಿಕ್ ಹೊಡೆಯುತ್ತಿದ್ದ. ಹುಟ್ಟಿದ್ದು ವಾಡಿಯಲ್ಲಿ. ತಂದೆ ರೈಲಿನ ಚಕ್ರಗಳಿಗೆ ಎಣ್ಣೆ ಹಾಕುವ ಕೆಲಸದಲ್ಲಿದ್ದವನು, ಮಗ ಇಂಜಿನ್ನಿನ ಸದ್ದಿನಲ್ಲೇ ಬೆಳೆದವನು. ಈಗ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸೀ ಕಲ್ಲಿನ ಒಬ್ಬ ವ್ಯಾಪಾರಿಯ ಹತ್ತಿರ ಚಾಕರಿ. ಎಷ್ಟು ಅಳತೆಯ ಕಲ್ಲು ಕಡಿಯಬೇಕು, ಗೂಡ್ಸ್ ಡಬ್ಬಿ ಯಾವಾಗ ಬರುತ್ತದೆ ಎಂಬ ಸುದ್ದಿಯನ್ನು ಖಣಿಯಿಂದ ಖಣಿಗೆ, ಸೇಡಂ ಕುರಕುಂಟಾದವರೆಗೂ ಮುಟ್ಟಿಸುವುದು. ಗಾಡಿ ವ್ಯಾಪಾರಿಯದು, ಅದರ ಮೇಲಿನ ಪ್ರೀತಿ ಇವನದು. ಎತ್ತರದ, ಬಡಕಲು ಆಳು. ಗಡ್ಡಕ್ಕೆ ಅತ್ತರಿನ ಜೊತೆ ಪೆಟ್ರೋಲಿನ ವಾಸನೆ.

ಜಯತೀರ್ಥರಾಯರದು ಹಳ್ಳಿ ಶಾಲೆಗಳ ತಪಾಸಣೆಯ ನೌಕರಿ. ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಸಾಹೇಬನಿಂದ ಪಕ್ಕಕ್ಕೆ ತೊಟ್ಟಿಲಿನಂಥ ಸೈಡ್‌ಕಾರು ಇದ್ದ ಹಳೆಯ ಫಟಫಟಿ ತೆಗೆದುಕೊಂಡರು. ಅದನ್ನು ಮನೆಯವರೆಗೆ ತಂದದ್ದು ಎತ್ತಿನ ಬಂಡಿಯ ಮೇಲೆ. ಅವತ್ತು ನಬೀಸಾಬ್ ತಾನಾಗಿಯೇ ಬಂದು ಅಂಗಳದಲ್ಲಿ ಕೂತು, ಗಾಡಿಯ ಹೊಟ್ಟೆಯೆಲ್ಲ ಬಿಚ್ಚಿ, ಸುಮಿತ್ರಾಬಾಯಿಯ ಹಳೆಯ ಸೀರೆಯ ಸೆರಗು ಕೇಳಿ ಪಡೆದು ಪೆಟ್ರೋಲು ಸೋಸಿದ. "ಬಾಯಾರ, ಹಾಲು ಸೋಸದ ಕಾಸ್ತೀರೇನು? ಇದಕ್ಕೂ ಹಂಗ," ಎಂದ. ಅಂದಿನಿಂದ ರಾಯರಿಗೆ ಅವನು ಉಸ್ತಾದ್.

ಅವನು ಕಲಿಸಿದ ಪಾಠಗಳಲ್ಲಿ ಒಂದು ಮಾತ್ರ ಕಟ್ಟಳೆಯಂತೆ ನಡೆದು ಬಂದಿತ್ತು. ಮಳೆಗಾಲದಲ್ಲಿ ಎರೆಭೂಮಿಯ ಹಾದಿಯಲ್ಲಿ ಕೆಸರು ಯಾವುದು, ಗುಂಡಿ ಯಾವುದು ತಿಳಿಯುವುದಿಲ್ಲ. ಅದಕ್ಕೆ ಹಾದಿ ಬಲ್ಲವನು ಮುಂದೆ, ಹಿಂದಿನವನ ಚಕ್ರ ಸರಿಯಾಗಿ ಅವನ ಚಕ್ರದ ಗೆರೆಯ ಮೇಲೆ. ಅತ್ತಿತ್ತ ನೋಡುವಂತಿಲ್ಲ. ಹಿಂದಿನವನಿಗೆ ಏನಾದರೂ ಆದರೆ ಹಾರ್ನು ಬಿಡದೆ ಒತ್ತಬೇಕು, ಮುಂದಿನವನು ಆ ಕ್ಷಣ ನಿಲ್ಲಬೇಕು. ರಾಯರು ಈ ಗೆರೆ ಹಿಡಿದೇ ತಾಲೂಕೆಲ್ಲ ತಿರುಗಿ ಒಮ್ಮೆಯೂ ಬೀಳದೆ ಬಂದಿದ್ದರು. ಇಷ್ಟು ದಿನ ಸುಮಿತ್ರಾಬಾಯಿಯ ಧೈರ್ಯಕ್ಕೆ ಆ ಗೆರೆಯೇ ಆಧಾರ. ಈಗ ಗೆರೆ ಎಳೆಯುವವನಿಗೇ ನೆಲ ಕಾಣದಿದ್ದರೆ?

ಮರುದಿನ ಸಂಜೆ ಮೂವರೂ ಫಟಫಟಿಯವರು ಕಟ್ಟೆಯ ಮೇಲೆ ಸೇರಿದರು. ಮೂರನೆಯವನು ಸೇಡಂನ ಚಂದ್ರಾಮ. ಎಣ್ಣೆ ಗಿರಣಿಗೆ ಶೇಂಗಾ ಕೊಳ್ಳಲು ಊರೂರು ಅಲೆಯುವ ನಗೆಗಾರ. ಸುಮಿತ್ರಾಬಾಯಿ ಒಗ್ಗರಣೆ ಅವಲಕ್ಕಿ ಕಳಿಸಿ ಬಾಗಿಲ ಹಿಂದೆ ನಿಂತಳು.

"ಉಸ್ತಾದ್, ನನ್ನ ಗಾಡಿ ಭಾಳ ಹೊಗಿ ಉಗುಳ್ಲಿಕತ್ತದ," ಎಂದ ಚಂದ್ರಾಮ.

"ನಿನ್ನ ನೋಡಿ ಬೀಡಿ ಕಲ್ತಿರಬೇಕು," ನಬೀಸಾಬ್ ನಕ್ಕ. "ಎಣ್ಣಿ ಎಷ್ಟು ಹಾಕ್ತಿ?"

"ಕೈಗೆ ಬಂದಷ್ಟು."

"ಹೋಳಿಗಿಗೆ ತುಪ್ಪ ಹಾಕ್ದಂಗ ಹಾಕಬ್ಯಾಡಲೇ. ಮತ್ತ ಪ್ಲಗ್ ತಗದು ನೋಡು. ಕರ್ರಗ ಹಸಿ ಇದ್ರ ಎಣ್ಣಿ ಹೆಚ್ಚಾಗ್ಯದ. ಅಡವ್ಯಾಗ ಹೋಗೋ ಮುಂದ ಇನ್ನೊಂದು ಪ್ಲಗ್ ರುಮಾಲಿನ ಸುತ್ತಿನಾಗ ಇಟ್ಕೋ, ಕಿಸೆದಾಗ ಬ್ಯಾಡ. ಬಿದ್ರ ಮೊದಲ ಒಡಿಯೋದು ಕಿಸೆದಾಗಿಂದು."

"ತಲಿ ಒಡದ್ರ?"

"ನಿಂದ್ರಾಗ ಏನದ ಒಡ್ಯಾಕ?"

ನಗು ಎದ್ದಿತು. ಜಯತೀರ್ಥರಾಯರು ಪಾಠ ಒಪ್ಪಿಸುವ ಉತ್ಸಾಹದಲ್ಲಿ ನಡುವೆ ಬಂದರು. "ಇನ್ನೊಂದು ಕೇಳಿಲ್ಲಿ ಚಂದ್ರಾಮ. ಹೊತ್ತು ಮುಳುಗೋದ್ರೊಳಗ ಗಾಡಿ ನಿಲ್ಲಿಸಬೇಕು. ಸಂಜೀ ಥಂಡಿ ಕಾದ ಸಿಲಿಂಡರಿಗೆ ಬಡದ್ರ ಅದು ಬಿರಿ ಬಿಡ್ತದ. ಉಸ್ತಾದ್ ಹೇಳ್ಯಾರ."

ಚಂದ್ರಾಮನ ಬಾಯಿಂದ ಅವಲಕ್ಕಿ ಹಾರಿತು. "ಅಲ್ರೀ ರಾಯರ, ಸಂಜೀ ಗಾಳಿಗೆ ಬಿರಿತದ, ಹೊಳಿ ನೀರು ಬಡದ್ರ ಬಿರಿಯಂಗಿಲ್ಲೇನು? ಉಸ್ತಾದ್, ಮೊದಲ ಹಿಂಗ ಹೇಳ್ತಿದ್ದಿಲ್ಲಲ್ಲ! ಯಾವ ಹಕೀಮ ಹೇಳಿಕೊಟ್ಟ?"

ನಬೀಸಾಬ್ ಈ ಸಲ ನಗಲಿಲ್ಲ. "ಹಳೀ ಮಷೀನಿನ ಮಾತದು. ನಿಂದು ಹೊಸಾದು, ಹೋಗು," ಎಂದು ತಟ್ಟೆ ಕೆಳಗಿಟ್ಟ. ಬೇವಿನ ಮರದ ಆಚೆ ಬಿಸಿಲು ಕೆಂಪಾಗುತ್ತಿತ್ತು. ಅವನು ಎದ್ದು ಗಾಡಿಯ ಕಡೆ ನಡೆದ. ಬಲಗೈ ಗೋಡೆಯ ಮೇಲೆ ಮೆಲ್ಲಗೆ ಸವರುತ್ತ ಸಾಗಿದ್ದನ್ನು ಸುಮಿತ್ರಾಬಾಯಿ ಬಾಗಿಲ ಸಂದಿಯಿಂದ ಕಂಡಳು. ಕಟ್ಟೆಯ ಮೇಲಿದ್ದ ಇಬ್ಬರ ಲಕ್ಷ್ಯವೂ ಅವಲಕ್ಕಿಯ ತಟ್ಟೆಯಲ್ಲಿತ್ತು.

ಗಂಡ ಊಟಕ್ಕೆ ಕೂತಾಗ ಅವಳು ವಿಷಯ ತೆಗೆದಳು. ರಾಯರು ತುತ್ತು ಕೈಯಲ್ಲಿ ಹಿಡಿದೇ ನೋಡಿದರು.

"ನಬೀಸಾಬನ ಕಣ್ಣು? ಮೊನ್ನೆ ಅಷ್ಟು ದೂರದಿಂದ ಹಾದ್ಯಾಗಿನ ಜಾಲಿಮುಳ್ಳು ನೋಡಿ ನನ್ನ ಟಾಯರ್ ಉಳಿಸ್ಯಾನ."

"ಹಗಲೋ, ಸಂಜ್ಯೋ?"

"ಹಗಲ."

"ನಾ ಸಂಜೀ ಮಾತು ಹೇಳ್ಲಿಕತ್ತೀನ್ರಿ."

"ಸುಮಿತ್ರಾ, ಕೂಸಿನ ಮಾತು ಕೇಳಿ ಹಿಂಗೆಲ್ಲ ಅನಬ್ಯಾಡ. ಇದು ಅವನ ಸೇಠನ ಕಿವೀಗೆ ಬಿತ್ತಂದ್ರ ನಾಳೆ ಗಾಡಿ ಕಸಕೊಳ್ತಾನ. ಒಬ್ಬರ ಅನ್ನದ ಮಾತದು."

ಅದು ನಿಜವೇ. ಆದರೆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಚಿಂಚೋಳಿಯ ಕಾಡಿನ ಇಳಿಜಾರು, ಮರಗಳ ಕೆಳಗೆ ಬೇಗನೆ ಕವಿಯುವ ಕತ್ತಲೆ, ಒಂದರ ಹಿಂದೆ ಒಂದು ಎರಡು ಗಾಡಿ.

ಚಿಂಚೋಳಿಗೆ ಹೊರಡುವ ಮೊದಲೇ ಶಹಾಬಾದಿನಲ್ಲಿ ಅವಳ ಅಕ್ಕ ಅನಸೂಯಾಬಾಯಿಯ ಕೂಸಿನ ಹೆಸರಿಡುವ ಸಮಾರಂಭ ಬಂತು. ಬೆಳಿಗ್ಗೆ ಹೋಗಿ ಹೊತ್ತಿರುವಾಗಲೇ ತಿರುಗಿ ಬರುವುದು ಎಂದಾಯಿತು. ಹಗಲಿಗೇನೂ ಭಯವಿಲ್ಲವೆಂದು ಮನಸ್ಸು ಗಟ್ಟಿ ಮಾಡಿಕೊಂಡು ಅವಳು ರುಕ್ಕುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಸೈಡ್‌ಕಾರಿನಲ್ಲಿ ಕೂತಳು. ನಬೀಸಾಬ್ ಮುಂದೆ. ಆ ಬೆಳಿಗ್ಗೆ ಅವನು ಗಾಡಿ ಹೊಡೆದದ್ದು ನೋಡಿ ಅವಳಿಗೇ ನಾಚಿಕೆಯಾಯಿತು. ಒಂದು ಕಲ್ಲು, ಒಂದು ತಗ್ಗು ತಪ್ಪದೆ ಎಡಗೈ ಎತ್ತಿ ತೋರಿಸುತ್ತ, ನೀರಿನ ಮೇಲೆ ಎಣ್ಣೆ ಸರಿದಂತೆ ಹೋದ.

ಬರುವಾಗ ಊಟ ತಡವಾಯಿತು. ಮೇಲೆ ಒಂದು ಮಳೆ. ಶಹಾಬಾದ್ ಬಿಟ್ಟು ವಾಡಿಯ ಹತ್ತಿರ ಬಂದಾಗ ರಾಯರ ಗಾಡಿಯ ಚಕ್ರ ಪಂಕ್ಚರ್ ಆಯಿತು. ನಬೀಸಾಬ್ ಟ್ಯೂಬು ಹೊರಗೆಳೆದು ತೇಪೆ ಹಚ್ಚಲು ಕೂತ. ಅಂಟು ಹಚ್ಚಿದ ಮೇಲೆ ಅದು ಒಣಗುವವರೆಗೆ ಒಂದು ಬೀಡಿ ಸೇದಬೇಕು, ಅವಸರ ಮಾಡಿದವನು ಎರಡು ಸಲ ಕೂರುತ್ತಾನೆ ಎಂದು ಎಲ್ಲರಿಗೂ ಕಲಿಸಿದವನೇ ಅವನು. ಇವತ್ತು ಹಸಿ ಅಂಟಿನ ಮೇಲೇ ತೇಪೆ ಒತ್ತಿದ. ಮತ್ತೆ ಮತ್ತೆ ತಲೆಯೆತ್ತಿ ಪಡುವಣ ದಿಕ್ಕಿಗೆ ನೋಡುತ್ತಿದ್ದ.

ಅವನಿಗೂ ಅಂಜಿಕೆಯಾಗಿದೆ ಎಂದು ಅವಳಿಗೆ ಆಗ ತಿಳಿಯಿತು. ತನ್ನೊಬ್ಬಳ ಅಂಜಿಕೆ ಸುಳ್ಳಿರಬಹುದು. ಇಬ್ಬರದೂ ಒಂದೇ ಆದರೆ ಸುಳ್ಳಾಗುವುದು ಹೇಗೆ?

"ವಾಡ್ಯಾಗ ಇದ್ದುಬಿಡೋಣ ಇವತ್ತು," ಎಂದಳು ಗಂಡನಿಗೆ.

"ಇಲ್ಲೇ ಮನೀ ಬಾಗಿಲದಾಗ ಬಂದು ಯಾಕ ಇರೋದು?" ಎಂದು ರಾಯರು ಕಿಕ್ ಹೊಡೆದರು. ನಬೀಸಾಬ್ ಗಾಡಿ ಏರಿ ಮುಂದಾದ.

ಮೋಡದ ಕೆಳಗೆ ಬೆಳಕು ಬೂದಿಯಾಯಿತು. ಇಕ್ಕೆಲದಲ್ಲೂ ಫರಸೀ ಖಣಿಗಳು. ಒಂದು ಕಡೆ ಹೊಸದಾಗಿ ಅಗೆಯುತ್ತ ಅಗೆಯುತ್ತ ಹಾದಿಯನ್ನೇ ತಿಂದಿದ್ದರು, ಬಂಡಿಗಳು ಎಡಕ್ಕೆ ಹೊರಳಿ ಹೋಗುತ್ತಿದ್ದವು. ನೇರಕ್ಕೆ ನೋಡಿದರೆ ಮಳೆಗೆ ತೊಯ್ದ ಕಲ್ಲುಹಾಸು ನುಣ್ಣಗೆ ಹೊಳೆಯುತ್ತಿತ್ತು. ನಬೀಸಾಬ್ ಎಡಕ್ಕೆ ಹೊರಳಲಿಲ್ಲ. ಹೊಳಪಿನ ಕಡೆಗೇ ನೇರ ಹೊರಟ. ರಾಯರ ಚಕ್ರ ಅವನ ಗೆರೆಯ ಮೇಲೆ.

ಆ ನುಣ್ಣನೆಯ ಕಲ್ಲಿನ ಮೇಲೆ ಒಂದು ಹನಿ ಬಿದ್ದು ಬಳೆಯಂತೆ ಅಗಲವಾಯಿತು. ಕಲ್ಲಲ್ಲ. ನೀರು.

ಕೂಗಿದರೆ ಯಾರಿಗೂ ಕೇಳುವಂತಿರಲಿಲ್ಲ. ಸುಮಿತ್ರಾಬಾಯಿ ಒಂದು ಕೈಯಿಂದ ಮಗಳನ್ನು ಅವುಚಿಕೊಂಡು, ಇನ್ನೊಂದು ಕೈ ಚಾಚಿ ಹ್ಯಾಂಡಲಿನ ರಬ್ಬರಿನ ಹಾರ್ನು ಹಿಡಿದು ಒತ್ತಿದಳು, ಬಿಡದೆ ಒತ್ತಿದಳು. ರಾಯರು ಬೆದರಿ ಬ್ರೇಕು ಹಾಕಿದರು. ಮುಂದೆ ನಬೀಸಾಬ್ ತನ್ನ ಕಟ್ಟಳೆಯಂತೆ ಆ ಕ್ಷಣ ನಿಲ್ಲಿಸಿದ. ಗಾಡಿ ಜಾರಿತು, ಅವನು ಒಂದು ಕಡೆಗೆ ಬಿದ್ದ. ಮುಂದಿನ ಚಕ್ರ ಅಂಚಿನ ಆಚೆ ಗಾಳಿಯಲ್ಲಿ ತಿರುಗುತ್ತಿತ್ತು. ಒಂದು ಕಲ್ಲಿನ ಚೂರು ಉರುಳಿ ಹೋಯಿತು. ಅದು ಗುಳುಂ ಎಂದು ಆಳದ ನೀರಿನಲ್ಲಿ ಮುಳುಗಿತು.

ನಬೀಸಾಬ್ ಅಂಗೈ ಮೊಣಕಾಲೂರಿ ಎದ್ದ. ಬಲಗೈಯಿಂದ ಮುಂದಿನ ನೆಲ ತಡವುತ್ತ ಹೋದ. ನೆಲ, ನೆಲ, ಆಮೇಲೆ ಕೈಗೆ ಏನೂ ಸಿಗಲಿಲ್ಲ. ಹಾಗೇ ಕೂತುಬಿಟ್ಟ.

"ಏನಾತ್ರೀ ಉಸ್ತಾದ್?" ರಾಯರು ಓಡಿದರು.

"ಬ್ರೇಕಿನ ತಾರ ಜಾರಿತ್ರಿ ರಾಯರ," ಎಂದ ಅವನು. ಮುಖ ಮಾತ್ರ ರಾಯರಿದ್ದ ಕಡೆ ಇರಲಿಲ್ಲ.

ರಾಯರು ಬಗ್ಗಿ ತಾರ ಬಿಗಿ ಮಾಡತೊಡಗಿದರು. ಅದು ಮೊದಲೇ ಬಿಗಿಯಾಗಿತ್ತು. ಸುಮಿತ್ರಾಬಾಯಿ ಮಗಳನ್ನು ಇನ್ನೂ ಅವುಚಿಕೊಂಡೇ ಇದ್ದಳು. ರುಕ್ಕುವಿನ ಎದೆ ಬಡಿತ ಅವಳ ಅಂಗೈಗೆ ತಾಗುತ್ತಿತ್ತು. ಬ್ರೇಕು ಸಡಿಲವಿದೆ ಎಂದು ಉಳಿದ ದಾರಿ ರಾಯರೇ ಮುಂದಾದರು, ಮೆಲ್ಲಗೆ, ದೀಪ ಹಚ್ಚಿಕೊಂಡು.

ಮರುದಿನ ಬಿಸಿಲೇರಿದ ಮೇಲೆ, ರಾಯರು ಕಚೇರಿಗೆ ಹೋದ ಹೊತ್ತು ನೋಡಿಕೊಂಡು ನಬೀಸಾಬ್ ಬಂದ. ಚಹ ಬೇಡವೆಂದ. ಕಟ್ಟೆಯ ಅಂಚಿಗೆ ಕೂತು ತನ್ನ ಅಂಗೈಯ ಗಾಯ ನೋಡಿಕೊಂಡ.

"ನಿಮಗ ಗೊತ್ತಾಗ್ಯದ, ಬಾಯಾರ."

"ನನ್ನ ಮಗಳು ಇದ್ಲು ಆ ಗಾಡ್ಯಾಗ," ಎಂದಳು ಸುಮಿತ್ರಾಬಾಯಿ. ರಾತ್ರಿಯೆಲ್ಲ ಕಟ್ಟಿಕೊಂಡಿದ್ದ ಮಾತುಗಳಲ್ಲಿ ಇದೊಂದೇ ಹೊರಗೆ ಬಂತು.

"ಗೊತ್ತದ್ರಿ. ನಿನ್ನೆಯಿಂದ ತುತ್ತು ಇಳದಿಲ್ಲ. ಹೋದ ರಮಜಾನಿನಿಂದ ಹಿಂಗ. ಹೊತ್ತು ಇಳೀತಂದ್ರ ನೆಲಾನ ಮಾಯ ಆಗ್ತದ. ತಾಜುನ್ನಿಸಾ ದಿನಾ ಸಂಜೀಕ ಗಲ್ಲಿ ತುದಿಗೆ ಕಂದೀಲು ಹಿಡಕೊಂಡು ನಿಂದ್ರತಾಳ, ಅದನ್ನ ನೋಡಿ ಮನೀ ಮುಟ್ತೀನಿ. ಮಂದಿ, ಏನ್ ನಬೀ, ಮುದುಕಿ ಆದ್ರೂ ಹೆಂಡ್ತಿಗೆ ಪ್ರೀತಿ ಅಂತ ನಗ್ತಾರ. ನಗಲಿ. ಸೇಠಗ ತಿಳದ್ರ ನನ್ನ ಕೈಯಾಗ ಗಾಡಿ ಇರಂಗಿಲ್ಲ, ಮನ್ಯಾಗ ಒಲಿ ಇರಂಗಿಲ್ಲ."

"ನಮ್ಮ ಮನಿಯವರಿಗರೆ ಹೇಳಬೇಕಿತ್ತು ನೀವು."

"ಹೇಳಾಕ ಬಂದೀನ್ರಿ, ಎಷ್ಟು ಸಲ. ಅವರು ಬಾಗಿಲದಾಗೇ ಉಸ್ತಾದ್ ಅಂತಾರ. ಬಾಯಿ ಕಟ್ಟಿಬಿಡ್ತದ."

ಸುಮಿತ್ರಾಬಾಯಿಗೆ ಬೈಯಬೇಕೆನ್ನಿಸಿತು, ಬೈಯಲಾಗಲಿಲ್ಲ. ಹಿತ್ತಲಿಗೆ ಹೋಗಿ ನುಗ್ಗೆಸೊಪ್ಪು ಮುರಿದುಕೊಂಡು ಬಂದಳು. "ದಿನಾ ಬ್ಯಾಳ್ಯಾಗ ಹಾಕಿ ಕುದಿಸಿ ಕೊಡು ಅಂತ ಹೇಳ್ರಿ ತಾಜುನ್ನಿಸಾಗ. ನಮ್ಮ ಅಜ್ಜಿ ಇರುಳಗಣ್ಣಿಗೆ ಇದನ್ನ ಕೊಡ್ತಿದ್ಲು. ಚಿಂಚೋಳಿಗೆ ಮಾತ್ರ ನೀವು ಬ್ಯಾಡ."

"ಸೇಠ ಕಳಸ್ಲಿಕತ್ತಾನ್ರಿ, ಇಲ್ಲಂದ್ರ ಯಾಕ ಅಂತಾನ. ಮತ್ತ ಆ ಅಡವ್ಯಾಗ ರಾಯರು ಒಬ್ರ ಹೋದ್ರ ಹಾದಿ ತಪ್ಪತಾರ, ಅದೂ ಚಲೋ ಅಲ್ಲ." ಅವನು ಸೊಪ್ಪಿನ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತ. "ಒಂದು ಉಪಕಾರ ಮಾಡ್ರಿ ಬಾಯಾರ. ಹೊತ್ತು ಇಳದ ಮ್ಯಾಲೆ ರಾಯರ ಗಾಡಿ ಮುಂದಿರ್ಲಿ. ಹಾದಿ ನಾ ಮೊದಲ ಬಾಯಿಲೆ ಹೇಳಿಕೊಟ್ಟಿರ್ತೀನಿ. ಅವರ ಹಿಂದಿನ ಕೆಂಪು ದೀಪ ನನಗ ಕಾಣ್ತದ, ದೀಪ ಕಾಣ್ತಾವ್ರಿ, ನೆಲ ಅಷ್ಟ ಕಾಣಂಗಿಲ್ಲ. ಇದನ್ನ ನಾ ಹೇಳಿದ್ರ ಯಾಕ ಅಂತ ಕೇಳ್ತಾರ. ನೀವ ಹೇಳ್ರಿ. ಆ ಖಣಿ ಕಂಡಾಗಿಂದ ನಬೀಸಾಬನ ಬ್ರೇಕಿನ ಮ್ಯಾಲೆ ನನಗ ನಂಬಿಕಿ ಇಲ್ಲ, ಭಾಳ ಅಂಜಿಕಿ ಬರ್ತದ, ಸಂಜೀಕ ಅವಗ ಮುಂದ ಬಿಡಬ್ಯಾಡ್ರಿ ಅಂತ ಇವತ್ತ ಊಟಕ್ಕ ಕುಂತಾಗ ಅಂದುಬಿಡ್ರಿ. ಬ್ರೇಕಿಗೆ ಬೈರಿ, ಗಾಡಿಗೆ ಬೈರಿ. ಕಣ್ಣಿನ ಮಾತು ಮಾತ್ರ ತಗೀಬ್ಯಾಡ್ರಿ."