ಬೋರ್ಡೋ ಹಚ್ಚಿದ ತೋಳು

ಮೂಡಿಗೆರೆಯಲ್ಲಿ ನಮ್ಮ ನೆರೆಯ ಕಾಫಿ ಬೆಳೆಗಾರರೊಬ್ಬರು ಯಾರ ಜೊತೆ ಮಾತಾಡುತ್ತಿದ್ದರೂ ಬಗ್ಗಿ ಪಕ್ಕದ ಗಿಡದ ಎಲೆಯಡಿ ನೋಡುತ್ತಿದ್ದರು. "ಬೂಷ್ಟು ಅಡಿಯಿಂದ ಬರೋದು" ಎನ್ನುತ್ತಿದ್ದರು. ಅವರ ಎಡತೋಳಿನ ಹಳೆಯ ಹುಣ್ಣೂ ಒಂದು ಬಗೆಯ ಬೂಷ್ಟೇ ಎಂದು ಊರಿನ ವೈದ್ಯರು ಹೇಳಿದ್ದೇ ತಡ, ಗಿಡಕ್ಕೆ ಹೊಡೆಯುವ, ಮೈಲುತುತ್ತು-ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ತೋಳಿಗೂ ಬಳಿದುಕೊಂಡರು. ತೋಳು ನೀಲಿಯಾಯಿತು, ಹುಣ್ಣು ಇನ್ನಷ್ಟು ಹಬ್ಬಿತು.

ಮಂಗಳೂರಿನ ಚರ್ಮತಜ್ಞೆಯ ಬಳಿ ನಾನೇ ಕರೆದೊಯ್ದೆ. "ನಿಮ್ಮ ತಂದೆ ತಾಯಿ ಸಂಬಂಧಿಕರಾ?" ಎಂದು ಆಕೆ ಕೇಳಿದರು.

"ಸೋದರಮಾವ, ಅಕ್ಕನ ಮಗಳು. ಹೊರಗಿನ ತಳಿ ಬೆರೆಸೇ ಇಲ್ಲ ಮೇಡಂ" ಎಂದರು ಇವರು, ಹೆಮ್ಮೆಯಿಂದ.

ತೊಂದರೆ ಅಲ್ಲಿಂದಲೇ ಬಂದಿರಬಹುದು ಎಂದರು ಆಕೆ. ಶಿಲೀಂಧ್ರವನ್ನು ತಡೆಯುವ ಶಕ್ತಿ ಇವರಿಗೆ ಹುಟ್ಟಿನಿಂದಲೇ ಇಲ್ಲ, ಹಾಗೇ ಬಿಟ್ಟರೆ ಮಿದುಳಿಗೂ ಹಬ್ಬೀತು, ಒಡಹುಟ್ಟಿದವರನ್ನೂ ಕರೆತನ್ನಿ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು.

ಇವರ ತಮ್ಮ ಬೇಸಿಗೆಯಲ್ಲೂ ಸ್ವೆಟರ್ ಬಿಚ್ಚದ ಮನುಷ್ಯ. ಊರಿಗೆ ಮರಳಿದವರೇ ಇವರು ತಮ್ಮನ ಸ್ವೆಟರಿನ ತೋಳನ್ನು ಮೇಲಕ್ಕೆಳೆದರು. ಮೊಣಕೈವರೆಗೂ ಅದೇ ಹುಣ್ಣು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಮಾರಾಯ?"

"ಹೇಳಿದ್ರೆ ನೀನು ಬೋರ್ಡೋ ಪಂಪ್ ತಂದು ಹೊಡೀತಿದ್ದೆ, ಅಣ್ಣ."

ಇವರು ತಮ್ಮನನ್ನು ಆಳುಗಳು ಕಾಫಿ ಮಗುಚಿ ಮಗುಚಿ ಒಣಗಿಸುವ ಕಣಕ್ಕೆ ಕರೆದೊಯ್ದು ಬಿಸಿಲಿಗೆ ಕೂರಿಸಿ, ತಾವೂ ಅಂಗಿಯ ತೋಳು ಮಡಚಿ ಪಕ್ಕದಲ್ಲಿ ಕೂತರು.

"ನಮ್ಮನ್ನ ಮಗುಚಿ ಹಾಕೋಕೆ ಆಳು ಹೇಳಿದ್ಯಾ?" ಎಂದ ತಮ್ಮ.

"ಸುಮ್ನಿರು. ನಾಳೆ ಮೊದಲ ಬಸ್ಸಿಗೆ ಮಂಗಳೂರು" ಎಂದು ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡರು.