ಅವರವರ ತಾಟು

ನನಗೆ ಸಿಟ್ಟು ಬೇಗ ಬರುತ್ತದೆ, ಒಪ್ಪಿಕೊಂಡುಬಿಡುತ್ತೇನೆ. ಆದರೆ ಈ ಸಲದ ಸಿಟ್ಟು ನ್ಯಾಯವಾದದ್ದು. ಪುಣೆಯ ಧನಕವಡಿಯಲ್ಲಿ ನನ್ನ ಮಗಳು ಗೌರಿ ಓದುವ ಶಾಲೆಯವರು ಏಳನೆಯ ಇಯತ್ತೆಯ ಮಕ್ಕಳನ್ನು ಮೂರು ದಿನ ಗುಡ್ಡದ ಬುಡದ ಶಿಬಿರಕ್ಕೆ ಕರೆದೊಯ್ಯುವವರಿದ್ದರು. ಅವಳು ವಾರದಿಂದ ಚೀಲ ತುಂಬುವುದು, ಸುರುವುವುದು, ಮತ್ತೆ ತುಂಬುವುದು ನಡೆಸಿದ್ದಳು. ಅಷ್ಟರಲ್ಲಿ ಪಾಲಕರ ಸಭೆ ಕರೆದರು.

ಡೇರೆಯಲ್ಲಿ ಗೀಜರ್ ಇದೆಯೇ ಎಂದರು ಒಬ್ಬರು. ಗಂಟೆಗೊಂದು ಫೋಟೊ ಕಳಿಸುತ್ತೀರಾ ಎಂದರು ಇನ್ನೊಬ್ಬರು. ಹಲ್ಲು ಕಚ್ಚಿ ಸಹಿಸಿದೆ. ಆದರೆ ಉಂಡ ಮೇಲೆ ಅವರವರ ತಾಟು ಅವರವರೇ ತೊಳೆಯಬೇಕೆಂಬ ನಿಯಮವನ್ನು ಮೇಡಂ ಓದಿದ್ದೇ ತಡ, ಸಭೆ ಕುದಿಯಿತು. ಮುಂದಿನ ಸಾಲಿನ ಗೃಹಸ್ಥರೊಬ್ಬರು ಎದ್ದು, ನಮ್ಮ ಮಗ ಮುಸುರೆ ತಿಕ್ಕಬೇಕೇ ಎಂದು ಮರಾಠಿಯಲ್ಲಿ ಗುಡುಗಿದರು. ಅದಕ್ಕೆ ಚಪ್ಪಾಳೆ ಬೇರೆ! ಇಷ್ಟು ವಿರೋಧವಿದ್ದರೆ ಶಿಬಿರವನ್ನೇ ಕೈಬಿಡುತ್ತೇವೆ ಎಂದರು ಮೇಡಂ, ಸಣ್ಣ ದನಿಯಲ್ಲಿ.

ನನ್ನ ಮೈ ಉರಿದುಹೋಯಿತು. ಗುರುಕುಲದಲ್ಲಿ ರಾಜಕುಮಾರರೂ ಕಟ್ಟಿಗೆ ಹೊತ್ತರಂತೆ. ಪುಣ್ಯಕ್ಕೆ ಆಗ ಪಾಲಕರ ಸಭೆಗಳಿರಲಿಲ್ಲ. ಎದ್ದು ನಿಂತೆ. ಈ ಊರಿಗೆ ಬಂದು ಇಪ್ಪತ್ತು ವರ್ಷವಾದರೂ ಕಾಯಿಪಲ್ಲೆಯವಳು ನಗುವಂಥ ನನ್ನ ಮರಾಠಿ ಅಂದು ಸಿಟ್ಟಿನ ಭರಕ್ಕೆ ಎಲ್ಲೂ ಎಡವಲಿಲ್ಲ. ಮಕ್ಕಳು ಬಿದ್ದು ಏಳಲಿ, ಹಸಿದು ಉಣ್ಣಲಿ, ಅಮ್ಮನಿಲ್ಲದೆ ಹಾಸಿಗೆ ಮಡಚಲಿ, ತಮ್ಮ ಎಂಜಲು ತಾವೇ ತೊಳೆಯಲಿ, ನಾಚಿಕೆ ಯಾತರದ್ದು ಎಂದೆ. ಹಿಂದಿನ ಸಾಲಿನ ತಾಯಂದಿರು ಹೌದೆಂದರು. ಶಿಬಿರ ಉಳಿಯಿತು.

ರಾತ್ರಿ ಉಣ್ಣುತ್ತ ಮನೆಯಲ್ಲೂ ಅದೇ ಭಾಷಣವನ್ನು ಮೊದಲಿಂದ ಮಾಡಿದೆ. "ಭಾಳ ಛಲೋ ಮಾತಾಡೀರಿ," ಎಂದ ಹೆಂಡತಿ ನನ್ನ ತಾಟು ಎತ್ತಿಕೊಂಡು ಒಳಗೆ ಹೋದಳು. ಹೊಗಳಿಕೆಯೆಂದೇ ತಿಳಿದೆ.

ಗೌರಿ ತರಚಿದ ಮೊಣಕಾಲು, ಬಿಸಿಲಿಗೆ ಕಪ್ಪಾದ ಮುಖ ಹೊತ್ತು ಮರಳಿದಳು. ಅರ್ಧ ಗುಡ್ಡದಲ್ಲಿ ಅಳುತ್ತ ಕೂತ ಗೆಳತಿಯ ಕೈಹಿಡಿದು ತುದಿಯವರೆಗೆ ಕರೆದೊಯ್ದಳಂತೆ. ಕೇಳಿ ನನ್ನ ಎದೆ ಉಬ್ಬಿತು. ನೋಡಿ, ಆ ಸಭೆಯ ಮಹಾಶಯರನ್ನೆಲ್ಲ ಕರೆಸಿ ತೋರಿಸಬೇಕೆನಿಸಿತು!

ರೊಟ್ಟಿ, ಶೇಂಗಾ ಹಿಂಡಿಯ ಊಟವಾಯಿತು. ಗೌರಿ ತನ್ನ ತಾಟು ತೊಳೆದು ಬೋರಲಿಟ್ಟಳು. ನಾನು ರೂಢಿಯಂತೆ ತಾಟು ಅಲ್ಲೇ ಬಿಟ್ಟು, ಕೈ ತೊಳೆದು ಹೊರಟಿದ್ದೆ.

"ಅಪ್ಪಾ, ನಿನ್ನ ತಾಟ?"

ಹೆಂಡತಿಯತ್ತ ನೋಡಿದೆ. ಆಕೆ ಮೊದಲ ಬಾರಿಗೆ ಕೂತಲ್ಲಿಂದ ಏಳಲಿಲ್ಲ. ಅವಳ ಮೇಲೂ ಸಿಟ್ಟು ಬಂತು, ಮಗಳ ಮೇಲೂ ಬಂತು. ಸಿಂಕಿನವರೆಗೆ ನಡೆಯುವಷ್ಟರಲ್ಲಿ ಅದು ಸರಿಯಾದ ವಿಳಾಸಕ್ಕೇ ಬಂದು ಮುಟ್ಟಿತು. ನನ್ನ ನಲವತ್ತೆಂಟು ವರ್ಷವೂ ಎಂಜಲು ಎತ್ತಿದ ಕೈಗಳಿಗಾಗಿ, ಮೊದಲು ಅವ್ವನ, ಆಮೇಲೆ ಇವಳ ಕೈಗಳಿಗಾಗಿ, ಯಾವ ಸಭೆಯಲ್ಲೂ ನಾನು ಎದ್ದು ನಿಂತಿರಲಿಲ್ಲ.

ತೊಳೆದೆ. ಗೌರಿ ತಾಟನ್ನು ಬೆಳಕಿಗೆ ಹಿಡಿದು ನೋಡಿದಳು.

"ಅಂಚಿಗೆ ಶೇಂಗಾ ಹಿಂಡಿ ಉಳದದ. ಇನ್ನೊಮ್ಮೆ ತೊಳಿ."