ಕೋಳಿ ಕೂಗುವ ಮನೆಯ ಹುಡುಗಿ

“ಆ ಕೋಳಿ ಕೂಗೋ ಮನೆ ಹುಡುಗಿ ಇವತ್ತೂ ಬರ್ಲಿಲ್ವಾ?”

ಮಳೆ ರಜೆಯ ಆನ್‌ಲೈನ್ ಪಾಠ ಮುಗಿಸಿ ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ. ಕೇಳಿದವರು ನನ್ನ ಅತ್ತೆ. ನಾನು ಪತ್ರಿಕೋದ್ಯಮದ ಉಪನ್ಯಾಸಕಿ. ಪಾಠದ ಹೊತ್ತಿಗೆ ಅವರು ಪಕ್ಕದ ಕೋಣೆಯಲ್ಲಿ ಕಾಳುಮೆಣಸು ಹಸನು ಮಾಡುತ್ತ ಕೂತಿರುತ್ತಾರೆ. ಹಾಜರಿ ಕರೆದಾಗ ಕೇಳುವ ಸದ್ದಿನಿಂದಲೇ ಅವರಿಗೆ ಮಕ್ಕಳ ಗುರುತು. ಒಬ್ಬನ ಮನೆಯಲ್ಲಿ ಮಿಕ್ಸಿ, ಇನ್ನೊಬ್ಬಳ ಮನೆಯಲ್ಲಿ ಟಿವಿ ವಾರ್ತೆ, ಕರಿಕೆ ಊರಿನ ಕಾವ್ಯಳ ಮನೆಯಲ್ಲಿ ಹುಂಜ. ನನಗೋ ಅದೆಲ್ಲ ಬರೀ ಗಲಾಟೆ. “ಮ್ಯೂಟ್ ಮಾಡ್ರೋ” ಎಂದು ಸಿಡುಕುತ್ತಿದ್ದೆ.

ಕರಿಕೆ ಕಡೆ ನೆಟ್‌ವರ್ಕ್ ಸರಿ ಇರಲ್ಲ ಎಂದೆ. ಅತ್ತೆ ಬಿಡಲಿಲ್ಲ, ನನ್ನ ಮೊಬೈಲ್ ತಂದು ಕೈಗೇ ಕೊಟ್ಟರು. ಕಾವ್ಯಳಿಗೆ ಫೋನ್ ಮಾಡಿದೆ. ಅವಳ ಅಮ್ಮ ಆಸ್ಪತ್ರೆಯಲ್ಲಿದ್ದರು, ಅಡುಗೆ, ದನ, ತಮ್ಮ ಎಲ್ಲ ಇವಳ ಮೇಲೆ ಬಿದ್ದಿತ್ತು. ಇಷ್ಟು ಪಾಠ ತಪ್ಪಿದ ಮೇಲೆ ಕಾಲೇಜೇ ಬೇಡ ಎಂದು ತೀರ್ಮಾನ ಮಾಡಿಕೊಂಡಿದ್ದಳು.

“ನಾನಿಲ್ಲ ಅಂತ ನಿಮ್ಗೆ ಗೊತ್ತಾಯ್ತಾ ಮೇಡಂ?” ಎನ್ನುತ್ತ ಬಿಕ್ಕಿದಳು.

ಗೊತ್ತಾಗಿದ್ದು ನಮ್ಮತ್ತೆಗೆ ಎಂದು ನಿಜವನ್ನೇ ಹೇಳಿದೆ. ಅವಳಿಗೆ ತಪ್ಪಿದ ಪಾಠಗಳನ್ನೆಲ್ಲ ಮತ್ತೆ ಹೇಳಿ ರೆಕಾರ್ಡ್ ಮಾಡಿ, ಬಿಡುವಾದಾಗ ಕೇಳು ಎಂದು ವಾಟ್ಸಾಪ್‌ನಲ್ಲಿ ಕಳಿಸಿದೆ.

ಹಾಜರಿ ಹೊತ್ತಿಗೆ ಮ್ಯೂಟ್ ಎನ್ನುವುದನ್ನು ಈಗ ಬಿಟ್ಟಿದ್ದೇನೆ. ಅತ್ತೆಯ ಆ ಕಿವಿಗೆ ಹೇಗೆ ಥ್ಯಾಂಕ್ಸ್ ಹೇಳುವುದೋ ತಿಳಿಯದು. ಅದಾದ ಮೇಲಿನ ಮಳೆ ರಜೆಯಲ್ಲಿ ನಾನು ಕಾವ್ಯಳ ಹೆಸರು ಕರೆಯುವ ಮೊದಲೇ ಹುಂಜ ಕೂಗಿತು. ಪಕ್ಕದ ಕೋಣೆಯಿಂದ ದನಿ ಬಂತು: “ಹಾಂ, ಬಂದ್ಲು!”